ಮೂಗಿನ ನಿಯಾಜ್

ನಮ್ಮೂರಿನ ವಾಸನೆಗೆ ಬೆಂಗಳೂರಿನವರು ಮೂಗು ಮುಚ್ಚಿಕೊಂಡರೆ ನನಗೆ ಮೈ ಉರಿಯುತ್ತದೆ. ರಾಮನಗರದಲ್ಲಿ ರೇಷ್ಮೆಗೂಡು ಬೇಯುತ್ತದೆ, ಗೂಡಿನೊಳಗಿನ ಹುಳುವೂ ಬೇಯುತ್ತದೆ, ಬೆಂದ ಹುಳು ನಾರುತ್ತದೆ. ಸೀರೆ ಉಡುವಾಗ ಇಲ್ಲದ ಅಸಹ್ಯ ಬಸ್ಸಿನ ಕಿಟಕಿಯಲ್ಲಿ ಯಾಕೆ ಬರಬೇಕು? ಐವತ್ತಾರು ವರ್ಷದಿಂದ ಇದೇ ಗಾಳಿ ಕುಡಿದಿದ್ದೇನೆ, ನನಗೇನೂ ಆಗಿಲ್ಲ. ಆದರೆ ಈ ವಾಸನೆ ತಡೆಯಲಾರದೆ ಮನೆತನದ ಕಸುಬನ್ನೇ ಬಿಟ್ಟವನೊಬ್ಬ ಇಲ್ಲೇ ಇದ್ದಾನೆ. ನನ್ನ ಸ್ಪೇರ್ ಪಾರ್ಟ್ಸ್ ಅಂಗಡಿಯ ಎದುರಿನ ಗ್ಯಾರೇಜಿನ ನಿಯಾಜ್. ಅವನ ಕತೆಯನ್ನು ನಾನು ಹೇಳಬೇಕು. ಯಾಕೆಂದರೆ ಅದರಲ್ಲಿ ಆದ ಅನಾಹುತಕ್ಕೆ ನಾನೂ ಕಾರಣ.

ನಿಯಾಜನ ತಾಯಿ ಗುಲ್ಜಾರ್ ಬೀ ರೇಷ್ಮೆ ಫಿಲೇಚರ್ ಕಾರ್ಖಾನೆಯಲ್ಲಿ ಬೆಂದ ಗೂಡಿನಿಂದ ನೂಲು ತೆಗೆಯುತ್ತಿದ್ದರು. ಕುದಿಯುವ ನೀರಿಗೆ ಕೈ ಹಾಕಿ ಹಾಕಿ ಅವರ ಬೆರಳುಗಳು ಬೆಳ್ಳಗೆ ಬಿರುಕು ಬಿಟ್ಟಿದ್ದವು. ಮಗ ದೊಡ್ಡವನಾಗುತ್ತಲೇ ಪಕ್ಕದಲ್ಲಿ ಕೂರಿಸಿಕೊಂಡರು. ಅವನು ಅರ್ಧ ಗಂಟೆಯೂ ಕೂರಲಿಲ್ಲ, ಹೊರಗೆ ಓಡಿ ಹೋಗಿ ವಾಂತಿ ಮಾಡಿಕೊಂಡ. ಒಂದು ವಾರ ಇದೇ ಹಾಡಾಯಿತು. ಕೊನೆಗೆ ಗುಲ್ಜಾರ್ ಬೀ, "ಇವ್ನ ಮೂಗು ನವಾಬರ ಮನೇದು, ನಮ್ಮ ಕೆಲಸಕ್ಕೆ ಬರಲ್ಲ" ಎಂದು ಬೈದು ಒಂದು ಗ್ಯಾರೇಜಿಗೆ ಸೇರಿಸಿದರು.

ಅದೇ ಮೂಗು ಅವನಿಗೆ ಅನ್ನ ಕೊಟ್ಟಿತು. ಬೇರೆ ಮೆಕ್ಯಾನಿಕ್‌ಗಳು ಬಾನೆಟ್ ಎತ್ತಿ, ಸ್ಪ್ಯಾನರ್ ಹಿಡಿದು, ಅರ್ಧ ಎಂಜಿನ್ ಬಿಚ್ಚಿ ಕಂಡುಹಿಡಿಯುವುದನ್ನು ನಿಯಾಜ್ ಕಣ್ಣು ಮುಚ್ಚಿ ಒಂದು ಉಸಿರು ಎಳೆದು ಹೇಳಿಬಿಡುತ್ತಿದ್ದ. ಕ್ಲಚ್ ಪ್ಲೇಟು ಸುಟ್ಟಿದ್ದು, ವೈರು ಕಾದಿದ್ದು, ಆಯಿಲ್ ಸೋರಿ ಸೈಲೆನ್ಸರಿನ ಮೇಲೆ ಬಿದ್ದಿದ್ದು, ಎಲ್ಲಕ್ಕೂ ಅವನ ಹತ್ತಿರ ಬೇರೆ ಬೇರೆ ವಾಸನೆಯಿತ್ತು. ಅದರಲ್ಲೂ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡಲು ರೇಡಿಯೇಟರಿಗೆ ಹಾಕುವ ಬಣ್ಣದ ನೀರು, ಒಂದು ತೊಟ್ಟು ಸೋರಿದರೂ ಅವನಿಗೆ ತಿಳಿಯುತ್ತಿತ್ತು. ಅದರದ್ದು ಸಿಹಿ ವಾಸನೆ. ಮಾಗಡಿ, ಕನಕಪುರ, ಚನ್ನಪಟ್ಟಣದಿಂದೆಲ್ಲ ಹಳೇ ದೊಡ್ಡ ಕಾರಿನವರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಗ್ಯಾರೇಜಿನ ಬೋರ್ಡಿನಲ್ಲಿ ಏನೋ ಹೆಸರಿದೆ, ಯಾರೂ ಅದನ್ನು ಓದಿದವರಲ್ಲ. ಜನ ಕೇಳುತ್ತಿದ್ದುದು ಮೂಗಿನ ನಿಯಾಜ್ ಎಲ್ಲಿ ಎಂದು. ಅವನಿಗೂ ಅದರಲ್ಲಿ ಒಳಗೊಳಗೇ ಜಂಬ. ಗಿರಾಕಿ ಎದುರಿಗಿದ್ದರೆ ಉಸಿರು ಎಳೆಯುವುದನ್ನು ಒಸಿ ಜಾಸ್ತಿಯೇ ಮಾಡುತ್ತಿದ್ದ.

ಕೊರೋನಾದ ಎರಡನೇ ಅಲೆಯ ಜ್ವರದಲ್ಲಿ ನಿಯಾಜ್ ಹದಿನೈದು ದಿನ ಮಲಗಿದ. ಎದ್ದು ಬಂದ, ಗ್ಯಾರೇಜು ತೆರೆದ, ಮೊದಲಿನಂತೆಯೇ ಇದ್ದ. ಹೆಂಡತಿ ರೋಶನ್ ಬೀ ಒಮ್ಮೆ ಅಂಗಡಿಗೆ ಬಂದವರು, "ನಮ್ಮನೆಯವ್ರು ಕಾಯಿಲೆ ಆದ್ಮೇಲೆ ತುಂಬಾ ಒಳ್ಳೇರಾಗ್ಬುಟ್ಟವ್ರೆ ಲೋಕಣ್ಣ, ಸಾರು ಹೆಂಗಿದ್ರೂ ಒಂದ್ ಮಾತು ಬಯ್ಯಲ್ಲ" ಎಂದು ಖುಷಿಪಟ್ಟಿದ್ದರು. ನಾನೂ ನಕ್ಕಿದ್ದೆ. ನನಗೆ ಗೊತ್ತಾದದ್ದು ಒಂದು ಸತ್ತ ಇಲಿಯಿಂದ. ನನ್ನ ಅಂಗಡಿಯ ಕಪಾಟಿನ ಹಿಂದೆ ಇಲಿ ಸತ್ತು ಮೂರು ದಿನವಾಗಿತ್ತು. ಬಂದ ಗಿರಾಕಿಗಳು ಬಾಗಿಲಲ್ಲೇ ನಿಂತು ಸಾಮಾನು ಕೇಳುತ್ತಿದ್ದರು. ನಿಯಾಜ್ ಒಳಗೆ ಬಂದು, ಅದೇ ಕಪಾಟಿಗೆ ಒರಗಿಕೊಂಡು, ಒಂದು ಗಂಟೆ ಕೂತು ಚಾ ಕುಡಿದ. ಗೂಡಿನ ನಾತಕ್ಕೆ ವಾಂತಿ ಮಾಡಿಕೊಂಡಿದ್ದ ಮನುಷ್ಯ!

"ಏನೂ ವಾಸ್ನೆ ಬತ್ತಿಲ್ವೇನ್ಲಾ?" ಎಂದೆ.

ಅವನು ಕೈಯಲ್ಲಿದ್ದ ಲೋಟ ಕೆಳಗಿಟ್ಟ. ಸುಳ್ಳು ಹೇಳಲು ಬಾಯಿ ತೆರೆದವನು ಹೇಳಲಾಗದೆ ತಲೆ ತಗ್ಗಿಸಿದ.

"ಜ್ವರ ಬಂದಾಗ್ಲೇ ಹೋಯ್ತು ಲೋಕಿ. ಬರತ್ತೆ ಬರತ್ತೆ ಅಂತ ಕಾಯ್ತಾ ಇದೀನಿ. ಎರಡು ವರ್ಷ ಆಗ್ತಾ ಬಂತು" ಎಂದ. ಆಮೇಲೆ ನನ್ನ ಕೈ ಹಿಡಿದುಕೊಂಡ. "ಯಾರ್ಗೂ ಹೇಳ್ಬೇಡ. ರೋಶನ್‌ಗೂ ಹೇಳಿಲ್ಲ. ಇದ್ ಗೊತ್ತಾದ್ರೆ ನನ್ ಹತ್ರ ಯಾರ್ ಬರ್ತಾರೆ? ನಿನ್ ತಾಯಿ ಆಣೆ."

ನಾನು ಆಣೆ ಇಟ್ಟೆ. ಆ ಹೊತ್ತಿಗೆ ಅದು ದೊಡ್ಡತನ ಅನ್ನಿಸಿತ್ತು. ಅಲ್ಲಿಂದಾಚೆಗೆ ನಾನು ಅವನ ಗ್ಯಾರೇಜಿಗೆ ಹೋದಾಗಲೆಲ್ಲ ಏನಾದರೂ ವಾಸನೆ ಬಂದರೆ ಕಿವಿಯಲ್ಲಿ ಹೇಳುತ್ತಿದ್ದೆ. ಅವನು ಗಿರಾಕಿಯ ಮುಂದೆ ಉಸಿರು ಎಳೆದು ಅದನ್ನೇ ಹೇಳುತ್ತಿದ್ದ. ಉಳಿದದ್ದನ್ನು ಕಣ್ಣಿನಲ್ಲಿ, ಕೈಯಲ್ಲಿ ಕಂಡುಕೊಳ್ಳುತ್ತಿದ್ದ. ಕಸುಬು ಗೊತ್ತಿದ್ದವನು, ಹೇಗೋ ನಡೆಯುತ್ತಿತ್ತು.

ಇದಾಗಿ ಒಂದು ವರ್ಷದ ಮೇಲೆ, ಏಪ್ರಿಲ್ ತಿಂಗಳಲ್ಲಿ ಕನಕಪುರದ ಪ್ರಕಾಶ್ ತನ್ನ ಅಪ್ಪನ ಕಾಲದ ಬೆಂಜ್ ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಬಂದ. ತೊಂಬತ್ತಾರನೇ ಇಸವಿಯ ಗಾಡಿ. ಅವನಪ್ಪ ಉಯ್ಯಂಬಳ್ಳಿ ಕಡೆ ಕಲ್ಲುಕ್ವಾರಿ ನಡೆಸುತ್ತಿದ್ದವರು, ಆ ಕಾರಿನಲ್ಲಿ ಬಂದು ಇಳಿದರೆ ನಮ್ಮ ಬೀದಿಗೆ ಬೀದಿಯೇ ನೋಡುತ್ತಿತ್ತು. ಆಗಿನಿಂದಲೂ ಅದಕ್ಕೆ ನಿಯಾಜನೇ ವೈದ್ಯ. ಅಪ್ಪ ಹೋದರು, ಕ್ವಾರಿಯೂ ನಿಂತಿತು, ಕಾರು ಏಳೆಂಟು ವರ್ಷ ಶೆಡ್ಡಿನಲ್ಲೇ ಧೂಳು ತಿಂದಿತ್ತು.

"ಎಂಜಿನ್ ಸ್ಟಾರ್ಟ್ ಆಯ್ತದೆ ನಿಯಾಜಣ್ಣ. ಎರಡು ಕಿಲೋಮೀಟ್ರು ಹೋಗೋ ಅಷ್ಟ್ರಲ್ಲಿ ಹೊಗೆ ಎದ್ ಬುಡ್ತದೆ. ಪೈಪೆಲ್ಲ ಹೋಗವೆ. ಎಲ್ಲಾ ಹೊಸ್ದು ಹಾಕ್ಬುಡಿ" ಎಂದ ಪ್ರಕಾಶ್. "ಆಮೇಲೆ, ಹೀಟರ್ ಕೆಲ್ಸ ಮಾಡ್ಬೇಕು."

ನಾನು ಅಲ್ಲೇ ನಿಂತಿದ್ದವನು ನಕ್ಕುಬಿಟ್ಟೆ. ಹೀಟರ್ ಎಂದರೆ ಎಂಜಿನ್ನಿನಲ್ಲಿ ಕಾದ ನೀರನ್ನೇ ಎರಡು ಪೈಪುಗಳಲ್ಲಿ ಕಾರಿನೊಳಕ್ಕೆ ತಂದು, ಡ್ಯಾಶ್‌ಬೋರ್ಡಿನ ಹಿಂದೆ ಒಂದು ಪುಟ್ಟ ರೇಡಿಯೇಟರಿನಲ್ಲಿ ಓಡಿಸಿ, ಅದರ ಮೇಲಿಂದ ಫ್ಯಾನಿನ ಗಾಳಿ ಬಿಡುವ ಏರ್ಪಾಡು. ನಮ್ಮ ಸೀಮೆಯಲ್ಲಿ ಅದು ಯಾರಿಗೆ ಬೇಕು? ಆ ಪೈಪು ಸೋರಿತೆಂದರೆ ಇಲ್ಲಿನ ಯಾವ ಮೆಕ್ಯಾನಿಕ್ಕೂ ಹೊಸದು ಹಾಕುವುದಿಲ್ಲ. ಎರಡು ತುದಿಗಳನ್ನೂ ಒಂದು ಬಗ್ಗಿದ ಪೈಪಿನಿಂದ ಸೇರಿಸಿ ಹೀಟರನ್ನೇ ಕತ್ತರಿಸಿ ಹಾಕುತ್ತಾರೆ. ನಿಯಾಜ್ ಇಷ್ಟು ವರ್ಷದಲ್ಲಿ ಎಷ್ಟೋ ಕಾರುಗಳಿಗೆ ಹಾಗೆಯೇ ಮಾಡಿದ್ದ.

"ನಗಬೇಡಿ ಲೋಕಣ್ಣ" ಎಂದ ಪ್ರಕಾಶ್. "ಅಮ್ಮಂಗೆ ಡಯಾಲಿಸಿಸ್ ನಡೀತೈತೆ. ವಾರಕ್ಕೆ ಎರಡ್ ಸತಿ ಬೆಂಗ್ಳೂರಿಗೆ ಹೋಗ್ಬೇಕು. ಮುಗಿಸ್ಕೊಂಡು ಬರೋವಾಗ ಎಂಥಾ ಬಿಸ್ಲಲ್ಲೂ ಗಡಗಡ ನಡುಗ್ತಾರೆ. ಜೀಪಲ್ಲಿ ಕೂರಿಸಿದ್ರೆ ಬೆನ್ನು ತಡೆಯಲ್ಲ. ಈ ಗಾಡಿ ಸೀಟಲ್ಲಾದ್ರೆ ಹಾಸ್ಗೆ ಮೇಲೆ ಮಲಗಿದ ಹಂಗೆ ಬರ್ತಾರೆ. ಒಂದೇ, ಹೀಟರ್ ನೋಡ್ಕೊಂಡು ಹಾಕ್ಬೇಕು. ಸಕ್ಕರೆ ಕಾಯ್ಲೆ, ಕಾಲೆರಡೂ ಮರಗಟ್ಟೋಗವೆ, ಬಿಸಿ ತಣ್ಣಗೆ ಏನೂ ಗೊತ್ತಾಗಲ್ಲ."

ನನ್ನ ನಗು ಬಾಯಲ್ಲೇ ಒಣಗಿತು. ನಿಯಾಜ್ ಮಾತ್ರ, "ಅಮ್ಮಂಗೋಸ್ಕರ ಅಂದ್ಮೇಲೆ ಮುಗೀತು ಸಾರ್, ಹೊಸಾ ಗಾಡಿ ಹಂಗೆ ಮಾಡ್ಕೊಡ್ತೀನಿ" ಎಂದ. ಪ್ರಕಾಶನ ತಾಯಿ ಶಿವಲಿಂಗಮ್ಮನವರ ಕೈಯ ಊಟ ಅವನು ಹಿಂದೆ ಎಷ್ಟೋ ಸಲ ಉಂಡಿದ್ದ.

ಅವನು ಆ ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿದ, ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಎಂಜಿನ್ ಪೂರ್ತಿ ತಣ್ಣಗಾಗುವ ತನಕ ಕಾದು ಕೆಳಗಿನ ಬಿರಡೆ ಬಿಚ್ಚಿದ. ಕೂಲೆಂಟ್ ಬರಲಿಲ್ಲ, ಇಟ್ಟಿಗೆ ಬಣ್ಣದ ಗಸಿ ಬಂತು. ಯಾರೋ ಬೋರ್‌ವೆಲ್ ನೀರು ತುಂಬಿಸಿದ್ದರು. ಮೇಲಿನ ಹೋಸ್ ಪೈಪನ್ನು ಬೆರಳಲ್ಲಿ ಅದುಮಿದರೆ ಹಪ್ಪಳದ ಹಾಗೆ ಚಟಚಟ ಅಂದಿತು, ಕೆಳಗಿನದು ಆಯಿಲ್ ಕುಡಿದು ಊದಿಕೊಂಡಿತ್ತು. ಹಳೇ ಪೈಪು ಎಳೆದರೆ ರೇಡಿಯೇಟರಿನ ಕತ್ತೇ ಮುರಿದು ಬರುತ್ತದೆಂದು ಅವನು ಒಂದನ್ನೂ ಎಳೆಯಲಿಲ್ಲ. ಚಾಕುವಿನಿಂದ ಉದ್ದಕ್ಕೆ ಸೀಳಿ, ಸಿಪ್ಪೆ ಸುಲಿದಂತೆ ಬಿಡಿಸಿದ. ಕತ್ತುಗಳನ್ನು ಎಮರಿ ಕಾಗದದಿಂದ ತಿಕ್ಕಿ ಹೊಳೆಯಿಸಿದ. ಹೊಸ ಪೈಪುಗಳನ್ನು ನಾನೇ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೂರು ಅಂಗಡಿ ಅಲೆದು ತಂದುಕೊಟ್ಟೆ.

ಕಷ್ಟವಾದದ್ದು ಹೀಟರಿನ ಪೈಪುಗಳೇ. ಅವು ಎಂಜಿನ್ನಿನ ಹಿಂದಿನ ತಗಡು ದಾಟಿ ಡ್ಯಾಶ್‌ಬೋರ್ಡಿನ ಒಳಗೆ ಹೋಗುತ್ತವೆ. ನಿಯಾಜ್ ಸೀಟು ಬಿಚ್ಚಿ, ಕಾಲಿಡುವ ಜಾಗದಲ್ಲಿ ಅಂಗಾತ ಮಲಗಿ, ಒಂದೇ ಕೈ ಹೋಗುವ ಸಂದಿಯಲ್ಲಿ, ಕಣ್ಣಿಗೆ ಕಾಣದ ಕಡೆ ಕ್ಲಿಪ್ಪು ಬಿಗಿಯಬೇಕಾಯಿತು. ಪೈಪು ಸಿಕ್ಕಿಸುವ ಕತ್ತಿನ ತುದಿಯಲ್ಲಿ ಒಂದು ಉಬ್ಬು ಇರುತ್ತದೆ. ಕ್ಲಿಪ್ಪು ಆ ಉಬ್ಬಿನ ಹಿಂದೆ ಕೂರಬೇಕು. ಉಬ್ಬಿನ ಮೇಲೆ ಕೂತರೂ ಕೈಗೆ ಬಿಗಿಯಾಗಿಯೇ ಸಿಗುತ್ತದೆ, ಆದರೆ ಕಾದಾಗ ಜಾರುತ್ತದೆ. ಅಲ್ಲಿ ಒಂದು ಕ್ಲಿಪ್ಪು ಉಬ್ಬಿನ ಮೇಲೆ ಕೂತಿತ್ತು. ಇದು ನಮಗೆ ತಿಳಿದದ್ದು ಆಮೇಲೆ.

ಕಾರು ಒಪ್ಪಿಸುವ ದಿನ ಮಟಮಟ ಮಧ್ಯಾಹ್ನ. ಪ್ರಕಾಶನೂ ನಿಯಾಜನೂ ಒಳಗೆ ಕೂತು, ಗಾಜು ಏರಿಸಿ ಹೀಟರ್ ಹಾಕಿದರು. ನಾನು ಹಿಂದಿನ ಸೀಟಿನಲ್ಲಿದ್ದೆ. ಬಿಸಿಗಾಳಿ ಬುಸ್ಸೆಂದು ಬಂತು. ಎರಡು ನಿಮಿಷಕ್ಕೆ ಮೂವರೂ ಬೆವರಿ ತೊಪ್ಪೆಯಾದೆವು. "ಸಾಕು ಸಾಕು, ಬೆಂದೋಯ್ತೀವಿ" ಎಂದು ನಾನೇ ಕೂಗಿದೆ. ನಿಯಾಜ್ ನಗುತ್ತಾ ಆಫ್ ಮಾಡಿದ. ಅರ್ಧ ಗಂಟೆ ಹಾಕಿ ನೋಡಬೇಕಿತ್ತು. ಚಳಿಯ ಊರಿನವನಾಗಿದ್ದರೆ ನೋಡುತ್ತಿದ್ದನೇನೋ. ರಾಮನಗರದ ಏಪ್ರಿಲ್‌ನಲ್ಲಿ ಹೀಟರ್ ಹಾಕಿಕೊಂಡು ಅರ್ಧ ಗಂಟೆ ಕೂರುವ ಮೆಕ್ಯಾನಿಕ್ಕು ಹುಟ್ಟಿಲ್ಲ.

ಐದು ದಿನ ಬಿಟ್ಟು ಪ್ರಕಾಶ್ ಮತ್ತೆ ಬಂದ. ನಾನು ಗ್ಯಾರೇಜಿಗೆ ಒಂದು ಬೆಲ್ಟು ಕೊಡಲು ಹೋಗಿದ್ದೆ.

"ಗಾಡಿ ಬೆಣ್ಣೆ ಹಂಗೆ ಹೋಯ್ತದೆ ನಿಯಾಜಣ್ಣ. ಟೆಂಪರೇಚರ್ ಮುಳ್ಳು ಅರ್ಧ ದಾಟಲ್ಲ. ಹೀಟರ್ ಹಾಕಿದ್ರೆ ಮಾತ್ರ ಒಂಥರಾ ಸಿಹಿ ವಾಸ್ನೆ. ಗಾಜಿಗೂ ಒಸಿ ಮಂಜು ಕೂರ್ತದೆ. ಒಂದ್ ಸತಿ ನೋಡ್ಬುಡಿ" ಎಂದ.

ನಿಯಾಜ್ ಬಾಗಿಲು ತೆರೆದು ತಲೆ ಒಳಗೆ ಹಾಕಿದ. ನಾನು ಅವನ ಬೆನ್ನ ಹಿಂದೆಯೇ ಇದ್ದೆ. ಬೆಲ್ಲದ ಪಾಕಕ್ಕೆ ಔಷಧಿ ಬೆರೆಸಿದಂಥ ವಾಸನೆ ನನ್ನ ಮುಖಕ್ಕೆ ಹೊಡೆಯಿತು. ಕೂಲೆಂಟು. ಸಂಶಯವೇ ಇಲ್ಲ. ನಿಯಾಜ್ ಕಣ್ಣು ಮುಚ್ಚಿ, ಎಂದಿನಂತೆ ಉದ್ದಕ್ಕೆ ಉಸಿರು ಎಳೆದ. ಗ್ಯಾರೇಜಿನಲ್ಲಿ ಇನ್ನೂ ಇಬ್ಬರು ಗಿರಾಕಿಗಳು ನಿಂತು ನೋಡುತ್ತಿದ್ದರು. ನಾನು ಕಿವಿಯಲ್ಲಿ ಹೇಳಿದರೂ ಕೇಳಿಸುವಷ್ಟು ಹತ್ತಿರದಲ್ಲಿ ಪ್ರಕಾಶನೂ ಇದ್ದ.

"ಏನಿಲ್ಲ ಸಾರ್. ಹೊಸ ರಬ್ಬರ್ ಅಲ್ವಾ, ಹತ್ತು ದಿನ ಹಂಗೇ ಇರತ್ತೆ" ಎಂದ ನಿಯಾಜ್.

ಪ್ರಕಾಶನ ಮುಖ ಅರಳಿತು. ಮೂಗಿನ ನಿಯಾಜ್ ಹೇಳಿದ ಮೇಲೆ ಇನ್ನೇನು? ಅವನು ಕಾರು ಹತ್ತಿದ. ನಾನು ಬಾಯಿ ತೆರೆಯಬೇಕಿತ್ತು. ತೆರೆದರೆ ಎಲ್ಲರೆದುರು ಗೆಳೆಯನ ಮಾನ ಹೋಗುತ್ತಿತ್ತು. ಪ್ರಕಾಶ್ ಹೋದ ಮೇಲೆ ನಿಯಾಜನಿಗೆ ಹೇಳೋಣ, ಫೋನ್ ಮಾಡಿಸಿ ಕರೆಸೋಣ ಅಂದುಕೊಂಡೆ. ಅಷ್ಟರಲ್ಲಿ ನನ್ನ ಅಂಗಡಿಗೆ ಗಿರಾಕಿ ಬಂದರು. ಸಂಜೆ ನೋಡಿಕೊಳ್ಳೋಣ ಎಂದೆ. ಸಂಜೆ ನಿಯಾಜ್ ಬೇಗ ಬಾಗಿಲು ಹಾಕಿಕೊಂಡು ಹೋಗಿದ್ದ. ಮಾರನೆಯ ದಿನ ಮರೆತೆ. ಮರೆತೆ ಎಂದು ಬರೆಯುವುದು ಸುಲಭ. ನಿಜ ಹೇಳಬೇಕೆಂದರೆ ಆ ಮಾತು ಎತ್ತಿದರೆ ನಿಯಾಜನ ಮುಖ ಹೇಗಾಗುತ್ತದೆಂದು ನೆನೆದೇ ಸುಮ್ಮನಾದೆ. ಬಂಗಾರದಂಥ ಗೆಳೆಯ ನಾನು!

ನಾಲ್ಕನೇ ದಿನ ಡಯಾಲಿಸಿಸ್ ಮುಗಿಸಿ ತಾಯಿ ಮಗ ಬೆಂಗಳೂರಿನಿಂದ ಕನಕಪುರಕ್ಕೆ ಹೊರಟಿದ್ದರು. ಶಿವಲಿಂಗಮ್ಮ ಮುಂದಿನ ಸೀಟಿನಲ್ಲಿ, ಕಾಲಿಗೆ ಉಲ್ಲನ್ ಕಾಲುಚೀಲ ಹಾಕಿಕೊಂಡು, ಮೇಲೆ ಶಾಲು ಸುತ್ತಿಕೊಂಡು ನಿದ್ದೆ ಹೋಗಿದ್ದರು. ಹೀಟರ್ ಓಡುತ್ತಿತ್ತು. ಹಾರೋಹಳ್ಳಿ ಹತ್ತಿರ ಗಾಜೆಲ್ಲ ಒಮ್ಮೆಲೇ ಬೆಳ್ಳಗಾಯಿತು. ರಸ್ತೆ ಕಾಣದೆ ಪ್ರಕಾಶ್ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಗಾಜು ಒರೆಸಿದ. ಅಮ್ಮ ಮಲಗೇ ಇದ್ದರು, ಒಂದು ಸಲವೂ ನರಳಲಿಲ್ಲ. ಎಬ್ಬಿಸುವುದು ಬೇಡವೆಂದು ಅವನು ಕೆಳಗಿಳಿದು ಬಾನೆಟ್ ಎತ್ತಿ ನೋಡುತ್ತಾ ನಿಂತ. ಮತ್ತೆ ಬಂದು ಅಮ್ಮನ ಕಡೆಯ ಬಾಗಿಲು ತೆರೆದಾಗ ಕೆಳಗಿನ ಮ್ಯಾಟಿನಿಂದ ಹಸಿರು ನೀರು ಹೊಗೆಯಾಡುತ್ತಾ ರಸ್ತೆಗೆ ಇಳಿಯಿತು. ಆ ಉಲ್ಲನ್ ಕಾಲುಚೀಲ ಕುದಿಯುವ ನೀರನ್ನು ಹೀರಿ ಕಾಲಿಗೆ ಕಚ್ಚಿಕೊಂಡಿತ್ತು. ಅವನು ಅದನ್ನು ತೆಗೆದಾಗ ಚರ್ಮವೂ ಜೊತೆಯಲ್ಲಿ ಬಂತು. ಆಗ ಶಿವಲಿಂಗಮ್ಮ ಎಚ್ಚರಗೊಂಡು, "ಊರು ಬಂತೇನಪ್ಪಾ?" ಎಂದು ಕೇಳಿದರಂತೆ.

ಸಕ್ಕರೆ ಕಾಯಿಲೆಯ ಕಾಲು, ಗಾಯ ಮಾಯಲಿಲ್ಲ. ಮೊದಲು ಬೆರಳು ತೆಗೆದರು. ಮೂರನೇ ವಾರ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು.

ನಿಯಾಜ್ ಸುದ್ದಿ ತಿಳಿದ ದಿನವೇ ಹೋಗಿ ಕಾರನ್ನು ಎಳೆಸಿಕೊಂಡು ಬಂದಿದ್ದ. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ, ಟಾರ್ಚ್ ಹಿಡಿದು, ಆ ಕ್ಲಿಪ್ಪನ್ನು ನನಗೂ ತೋರಿಸಿದ. ಅವರು ಆಸ್ಪತ್ರೆಯಿಂದ ಮನೆಗೆ ಬಂದರೆಂದು ತಿಳಿದ ಮೇಲೆ ನಾವಿಬ್ಬರೂ ನನ್ನ ಸ್ಕೂಟರಿನಲ್ಲಿ ಕನಕಪುರಕ್ಕೆ ಹೋದೆವು.

ಶಿವಲಿಂಗಮ್ಮ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಹೊದಿಕೆ ಒಂದು ಕಡೆ ಅರ್ಧಕ್ಕೇ ಚಪ್ಪಟೆಯಾಗಿತ್ತು. ಅತ್ತ ನೋಡಲು ನನಗೆ ಧೈರ್ಯ ಬರಲಿಲ್ಲ. ಪ್ರಕಾಶ್ ಕುರ್ಚಿ ಹಾಕಿದ. ನಿಯಾಜ್ ಕೂರಲಿಲ್ಲ, ಮಂಚದ ಪಕ್ಕ ನೆಲದ ಮೇಲೆ ಕುಕ್ಕರಿಸಿದ.

"ಕ್ಲಿಪ್ಪು ಹಾಕಿದ್ದು ನಾನೇ ಅಮ್ಮ. ಸರಿಯಾಗಿ ಕೂತಿರಲಿಲ್ಲ" ಎಂದ.

"ಕೈತಪ್ಪು ಯಾರ್ಗಾಗಕಿಲ್ಲಪ್ಪಾ" ಎಂದರು ಅವರು. "ಬೇಕಂತ ಮಾಡ್ದ್ಯಾ? ಅದ್ನೆಲ್ಲ ಮನ್ಸಿಗೆ ಹಚ್ಕೊಬ್ಯಾಡ."

ಅಲ್ಲಿಗೆ ಎದ್ದು ಬಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವರು ಹೊಟ್ಟೆಗೆ ಹಾಕಿಕೊಂಡಾಗಿತ್ತು. ನಿಯಾಜ್ ಏಳಲಿಲ್ಲ.

"ಕೈತಪ್ಪು ಒಂದೇ ಅಲ್ಲಮ್ಮ. ಪ್ರಕಾಶ್ ಸಾರ್ ವಾಸ್ನೆ ಬರ್ತಿದೆ ಅಂತ ಬಂದು ತೋರಿಸಿದ್ರು. ನಾನು ಏನಿಲ್ಲ ಅಂದೆ. ನನಗೆ ವಾಸ್ನೆ ಗೊತ್ತಾಗಲ್ಲಮ್ಮ. ಮೂರು ವರ್ಷ ಆಯ್ತು. ಯಾರ್ಗೂ ಹೇಳಿರಲಿಲ್ಲ."

ಪ್ರಕಾಶ್ ಗೋಡೆಗೆ ಒರಗಿ ನಿಂತಿದ್ದವನು ನೆಟ್ಟಗಾದ. ಶಿವಲಿಂಗಮ್ಮ ನಿಯಾಜನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಏನೋ ಅರ್ಥವಾಗದವರಂತೆ ಹುಬ್ಬು ಕೂಡಿಸಿದರು.

"ಯಾಕಪ್ಪಾ ಯೋಳ್ನಿಲ್ಲ?" ಎಂದರು. "ನಂಗೂ ಕಾಲು ಗೊತ್ತಾಗ್ತಿರ್ನಿಲ್ಲ. ನಾನು ಎಲ್ರಿಗೂ ಯೋಳಿದ್ದೆ. ಡಾಕ್ಟ್ರಿಗೂ ಯೋಳಿದ್ದೆ, ಮಗನ್ಗೂ ಯೋಳಿದ್ದೆ, ಬಟ್ಟೆ ಒಗ್ಯೋಳ್ಗೂ ಯೋಳಿದ್ದೆ. ಅದ್ರಲ್ಲಿ ನಾಚ್ಕೆ ಏನೈತಪ್ಪಾ?"

ನಾನು ಬಾಗಿಲ ಬಳಿ ಕುರ್ಚಿಯ ತುದಿಯಲ್ಲಿ ಕೂತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಕೇಳದಿರಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದೆ, ನಾಚಿಕೆಯಾಗುತ್ತದೆ ಹೇಳಲು. ಹೊರಡುವಾಗ ಪ್ರಕಾಶ್ ಗೇಟಿನ ತನಕ ಬಂದ. ಬಯ್ಯಲಿಲ್ಲ, ಊರಲ್ಲಿ ಹೇಳಿಕೊಂಡು ತಿರುಗುವವನಲ್ಲ. "ಕಾರು ಅಲ್ಲೇ ಎಲ್ಲಾದ್ರೂ ಮಾರಾಕ್ಬುಡಿ, ಇಲ್ಲಿಗೆ ತರಬ್ಯಾಡಿ" ಎಂದಷ್ಟೇ ಹೇಳಿ ಗೇಟು ಹಾಕಿಕೊಂಡ.

ಆ ಮೇಲಿನಿಂದ ನಿಯಾಜ್ ಎಲ್ಲರಿಗೂ ಹೇಳತೊಡಗಿದ. ರೋಶನ್ ಬೀಗೆ ಹೇಳಿದ, ಚಾ ಅಂಗಡಿಯಲ್ಲಿ ಹೇಳಿದ, ಗ್ಯಾರೇಜಿಗೆ ಬಂದವರಿಗೆ ಮೊದಲ ಮಾತೇ ಅದು. "ನನಗೆ ವಾಸ್ನೆ ಗೊತ್ತಾಗಲ್ಲ ಸಾರ್, ಬೇರೆ ಕಡೆ ತೋರಿಸ್ಕೊಳ್ಳಿ." ಯಾರೂ ನಂಬುವುದಿಲ್ಲ. ಮೂವತ್ತೈದು ವರ್ಷದ ಹೆಸರು ಒಂದು ಮಾತಿಗೆ ಅಳಿಸಿ ಹೋಗುತ್ತದೆಯೇ? ಕೆಲಸ ಜಾಸ್ತಿಯಾಗಿ ತಪ್ಪಿಸಿಕೊಳ್ಳುತ್ತಿದ್ದಾನೆ ಅನ್ನುತ್ತಾರೆ, ದೊಡ್ಡವರ ಗತ್ತು ಅನ್ನುತ್ತಾರೆ, ಕೀಲಿಕೈ ಬೆಂಚಿನ ಮೇಲಿಟ್ಟು ಹೋಗಿಬಿಡುತ್ತಾರೆ.

ಮೊನ್ನೆ ಮಾಗಡಿ ಕಡೆಯವನೊಬ್ಬ ಹಳೇ ದೊಡ್ಡ ಕಾರು ತಂದ. ಹಿಂದಿನ ಸೀಟಿನಲ್ಲಿ ಹೆಂಡತಿ, ತೊಡೆಯ ಮೇಲೆ ಮಗು. ಒಳಗೆ ಪೆಟ್ರೋಲ್ ವಾಸನೆ ಬರುತ್ತಿದೆ, ಎಲ್ಲಿಂದ ಅಂತ ನೀವೇ ಹೇಳಬೇಕು ಎಂದ. ನಿಯಾಜ್ ತನ್ನ ಮಾತು ಹೇಳಿದ. ಅವನು ಜೋರಾಗಿ ನಕ್ಕು, ಎದುರಿನ ಅಂಗಡಿಯಲ್ಲಿದ್ದ ನನ್ನ ಕಡೆ ತಿರುಗಿದ. "ಏನ್ ಯಜಮಾನ್ರೇ, ತಮಾಷೆ ಮಾಡ್ತಾವ್ರಾ?"

ಬೀದಿಯಲ್ಲಿ ನಾಲ್ಕು ಜನ ನಿಂತಿದ್ದರು. ನಾನು ಅಂಗಡಿಯಿಂದ ಇಳಿದು ರಸ್ತೆ ದಾಟಿದೆ.

"ತಮಾಷೆ ಅಲ್ಲ. ಅವನ ಮೂಗು ಹೋಗೈತೆ, ನಿಜ. ನಿಮ್ ಗಾಡಿ ಪೆಟ್ರೋಲ್ ವಾಸ್ನೆ ಇಲ್ಲಿಗೇ ಹೊಡೀತೈತೆ. ಹೆಂಡ್ತಿ ಮಕ್ಳನ್ನ ಮೊದ್ಲು ಕೆಳಗಿಳಿಸಿ. ಬೇರೆ ಗ್ಯಾರೇಜಿಂದ ಜನ ಕರೆಸ್ತೀನಿ" ಎಂದೆ.

ಅವನ ನಗು ನಿಂತಿತು. ಬೆಂಚಿನ ಮೇಲಿಟ್ಟಿದ್ದ ಕೀಲಿಕೈ ತೆಗೆದುಕೊಂಡ. ನಿಂತಿದ್ದ ನಾಲ್ವರೂ ನಿಯಾಜನನ್ನು ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಸಂಜೆಯೊಳಗೆ ಊರಿಗೆಲ್ಲ ತಿಳಿಯುವುದು ಖಂಡಿತವಾಗಿತ್ತು. ನಿಯಾಜ್ ಕೈಯಲ್ಲಿದ್ದ ಬಟ್ಟೆಯಿಂದ ಬೆರಳು ಒಂದೊಂದಾಗಿ ಒರೆಸಿಕೊಂಡ. ಕನಕಪುರದಿಂದ ಬಂದ ಮೇಲೆ ಅವನು ನನ್ನ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು.

"ಅವತ್ತೂ ನಿನಗೆ ವಾಸ್ನೆ ಬಂದಿತ್ತು ಅಲ್ವಾ ಲೋಕಿ?" ಎಂದ.

"ಬಂದಿತ್ತು" ಎಂದೆ.

ಅವನು ತಲೆಯಾಡಿಸಿ ಒಳಗೆ ಹೋದ. ಸ್ಪ್ಯಾನರುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕುವ ಸದ್ದು ನನ್ನ ಅಂಗಡಿಗೆ ಕೇಳುತ್ತಿತ್ತು.